ಶಾಲೆಯ ಸೈಕಲ್‌ನ ತೂಕ: ಎಲ್ಲಿ ಇಳಿಸಬೇಕು, ಎಲ್ಲಿ ಇಳಿಸಬಾರದು

ತಾಳವಾಡಿ ಸೀಮೆಯ ಊರುಗಳಲ್ಲಿ ಮನೆಗೂ ಪ್ರೌಢಶಾಲೆಗೂ ನಡುವೆ ಕೆಲವು ಕಿಲೋಮೀಟರ್ ಅಂತರವಿರುವುದು ಸಾಮಾನ್ಯ. ದಾರಿ ಸಮತಟ್ಟಾಗಿಯೂ ಇರುವುದಿಲ್ಲ; ಒಂದು ಹಳ್ಳ ದಾಟಿದರೆ ಒಂದು ದಿಣ್ಣೆ ಎದುರಾಗುತ್ತದೆ. ತಮಿಳುನಾಡು ಸರ್ಕಾರವು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಪ್ಲಸ್ ಒನ್ ವಿದ್ಯಾರ್ಥಿಗಳಿಗೆ ಉಚಿತ ಸೈಕಲ್ ನೀಡುತ್ತದೆ. ಅದಕ್ಕೂ ಕೆಳಗಿನ ತರಗತಿಗಳ ಮಕ್ಕಳಿಗೆ ಅಣ್ಣನ ಅಥವಾ ಅಕ್ಕನ ಹಳೆಯ ಸೈಕಲ್ಲೋ, ಸತ್ಯಮಂಗಲ ಇಲ್ಲವೇ ಚಾಮರಾಜನಗರದ ಅಂಗಡಿಯಲ್ಲಿ ಕೊಂಡದ್ದೋ ಆಗಬೇಕು. ಇಂತಹ ಮನೆಗಳಲ್ಲಿ ಒಂದಲ್ಲ ಒಂದು ದಿನ ಏಳುವ ಪ್ರಶ್ನೆ ಇದು: ಸೈಕಲ್ ಬಹಳ ಭಾರವಾಗಿದೆ, ಹಗುರವಾದ ಬಿಡಿಭಾಗಗಳನ್ನು ಹಾಕಿಸಿದರೆ ಮಗುವಿಗೆ ಏರು ಹತ್ತುವುದು ಸುಲಭವಾಗುವುದೇ?

ಸುಲಭವಾಗುತ್ತದೆ, ಆದರೆ ಜನರು ಎಣಿಸುವುದಕ್ಕಿಂತ ಬಹಳ ಕಡಿಮೆ. ಅದೇ ಹಣವನ್ನು, ಅಥವಾ ಅದರ ಒಂದಂಶವನ್ನು, ಬೇರೆಡೆ ಹಾಕಿದರೆ ಫಲ ಹೆಚ್ಚು. ಕೆಲವು ಭಾಗಗಳಲ್ಲಂತೂ ತೂಕ ಇಳಿಸುವುದು ಅಪಾಯಕ್ಕೆ ದಾರಿ. ಈ ಮೂರು ಮಾತುಗಳನ್ನು ಲೆಕ್ಕದೊಡನೆ ವಿವರಿಸುವುದು ಈ ಲೇಖನದ ಉದ್ದೇಶ.

ಕಾಲು ಎಳೆಯುವುದು ಯಾವ ತೂಕವನ್ನು?

ಅಂಗಡಿಯವರು ಸೈಕಲ್‌ನ ತೂಕವನ್ನಷ್ಟೇ ಹೇಳುತ್ತಾರೆ. ಏರಿನಲ್ಲಿ ಕಾಲು ಮೇಲೆತ್ತಬೇಕಾದದ್ದು ಮೂರು ತೂಕಗಳ ಮೊತ್ತವನ್ನು: ಸವಾರ, ಸೈಕಲ್ ಮತ್ತು ಚೀಲ. 45 ಕಿಲೋ ತೂಕದ ವಿದ್ಯಾರ್ಥಿ, 20 ಕಿಲೋ ತೂಕದ ಉಕ್ಕಿನ ಸೈಕಲ್, 5 ಕಿಲೋ ತೂಕದ ಪುಸ್ತಕದ ಚೀಲ, ಒಟ್ಟು 70 ಕಿಲೋ ಎಂದು ಇಟ್ಟುಕೊಳ್ಳೋಣ. ಸೈಕಲ್‌ನಲ್ಲಿ ಒಂದು ಕಿಲೋ ಇಳಿಸಿದರೆ ಸೈಕಲ್ ನೂರಕ್ಕೆ 5ರಷ್ಟು ಹಗುರವಾಯಿತು ಎನ್ನಿಸುತ್ತದೆ. ಕಾಲಿನ ಪಾಲಿಗೆ ಇಳಿದದ್ದು 70ರಲ್ಲಿ ಒಂದು, ಅಂದರೆ ನೂರಕ್ಕೆ ಒಂದೂವರೆಗಿಂತಲೂ ಕಡಿಮೆ.

ಇದನ್ನು ಸಮಯಕ್ಕೆ ಪರಿವರ್ತಿಸಿ ನೋಡಬಹುದು. ನೂರು ಮೀಟರ್ ಸಾಗಿದರೆ ಐದು ಮೀಟರ್ ಮೇಲೇರುವ ದಿಣ್ಣೆಯಲ್ಲಿ ಈ ವಿದ್ಯಾರ್ಥಿ ಗಂಟೆಗೆ 8 ಕಿ.ಮೀ. ವೇಗದಲ್ಲಿ ತುಳಿಯುತ್ತಿದ್ದರೆ ಒಂದು ಕಿಲೋಮೀಟರ್ ಏರಲು ಏಳೂವರೆ ನಿಮಿಷ ಬೇಕು. ಒಂದು ಕಿಲೋ ಕಡಿಮೆಯಾದರೆ ಉಳಿಯುವುದು ಸುಮಾರು 6 ಸೆಕೆಂಡು. 200 ಗ್ರಾಂ ಹಗುರವಾದ ಪೆಡಲ್ ಜೋಡಿಯಿಂದ ಉಳಿಯುವುದು ಹೆಚ್ಚುಕಡಿಮೆ ಒಂದು ಸೆಕೆಂಡು. ಸಮತಟ್ಟಾದ ರಸ್ತೆಯಲ್ಲಿ, ಗಂಟೆಗೆ 12 ಕಿ.ಮೀ. ವೇಗದಲ್ಲಿ, ಇಡೀ ಒಂದು ಕಿಲೋ ಇಳಿಸಿದರೂ ಕಿಲೋಮೀಟರಿಗೆ ಎರಡು ಸೆಕೆಂಡು ಉಳಿಯುವುದಿಲ್ಲ.

ಶಕ್ತಿಯ ಲೆಕ್ಕವೂ ಹೀಗೆಯೇ ಇದೆ. ಒಂದು ಕಿಲೋ ಭಾರವನ್ನು 100 ಮೀಟರ್ ಎತ್ತರಕ್ಕೆ ಏರಿಸಲು ಸುಮಾರು 1000 ಜೂಲ್ ಕೆಲಸ ಬೇಕು. ನಮ್ಮ ದೇಹವು ಉಣ್ಣುವ ಶಕ್ತಿಯಲ್ಲಿ ಕಾಲುಭಾಗದಷ್ಟನ್ನು ಮಾತ್ರ ಪೆಡಲಿಗೆ ಕೊಡಬಲ್ಲುದಾದ್ದರಿಂದ ಖರ್ಚಾಗುವುದು ಸುಮಾರು 4000 ಜೂಲ್, ಅಂದರೆ ಒಂದು ಕಿಲೋಕ್ಯಾಲೊರಿ. ಒಂದೇ ಒಂದು ಕಡಲೆಕಾಯಿ ಬೀಜದಲ್ಲಿ ಇದಕ್ಕಿಂತ ಹೆಚ್ಚು ಶಕ್ತಿಯಿದೆ.

ಸ್ಪರ್ಧೆಯ ಲೆಕ್ಕ ಬೇರೆ, ಶಾಲೆಯ ಲೆಕ್ಕ ಬೇರೆ

ಹಗುರ ಬಿಡಿಭಾಗಗಳ ಮೋಹ ಹುಟ್ಟಿದ್ದು ಸ್ಪರ್ಧಾ ಕಣದಲ್ಲಿ. ಅಲ್ಲಿ ಗೆಲುವು ಸೋಲು ಸೆಕೆಂಡುಗಳಲ್ಲಿ ನಿರ್ಧಾರವಾಗುವುದರಿಂದ ಪ್ರತಿ ಗ್ರಾಂಗೂ ಬೆಲೆಯಿದೆ. ಇಂಗಾಲದ ಎಳೆಗಳಿಂದ ಮಾಡಿದ ಕಾರ್ಬನ್ ಫ್ರೇಮ್, ಟೈಟೇನಿಯಂ ಬೋಲ್ಟು ಇವೆಲ್ಲ ಬಂದದ್ದು ಆ ಕಾರಣದಿಂದ. ಹಗುರ ಮಾಡುವ ಪೈಪೋಟಿ ಮಿತಿಮೀರಬಾರದೆಂದು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು ಸ್ಪರ್ಧೆಯ ಸೈಕಲ್ 6.8 ಕಿಲೋಗಿಂತ ಕಡಿಮೆ ತೂಗಬಾರದು ಎಂಬ ನಿಯಮವನ್ನು 2000ದಿಂದ ಜಾರಿಯಲ್ಲಿರಿಸಿದೆ. ಕರ್ನಾಟಕದಲ್ಲಿ ಸೈಕ್ಲಿಂಗ್ ಕ್ರೀಡೆಗೆ ಹೆಸರಾದ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಕ್ರೀಡಾಪಟುಗಳಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಆದರೆ ಆ ಸೈಕಲ್‌ಗೆ ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಸ್ಟ್ಯಾಂಡ್ ಇಲ್ಲ. ಅದರ ಹಿಂದೆ ಬಿಡಿಭಾಗ ಹೊತ್ತ ವಾಹನವೂ ಮೆಕ್ಯಾನಿಕ್ಕೂ ಇರುತ್ತಾರೆ. ಶಾಲೆಯ ಸೈಕಲ್ ಮಳೆಯಲ್ಲಿ ನೆನೆಯುತ್ತದೆ, ಸಂಜೆ ರೇಷನ್ ಚೀಲ ಹೊರುತ್ತದೆ, ಕೆಟ್ಟರೆ ಊರಿನಲ್ಲಿ ಸಿಗುವ ಸ್ಪ್ಯಾನರ್‌ನಿಂದಲೇ ದುರಸ್ತಿಯಾಗಬೇಕು.

ಈ ಸಾಮಾನ್ಯ ಸೈಕಲ್‌ನ ಬಲ ಎಷ್ಟೆಂಬುದಕ್ಕೆ ಬಿಹಾರದ ಉದಾಹರಣೆ ಸಾಕು. ಅಲ್ಲಿನ ಸರ್ಕಾರ 2006ರಲ್ಲಿ 9ನೇ ತರಗತಿಗೆ ಸೇರುವ ಹೆಣ್ಣುಮಕ್ಕಳಿಗೆ ಸೈಕಲ್ ಕೊಳ್ಳಲು ಹಣ ನೀಡುವ ಯೋಜನೆ ಆರಂಭಿಸಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶೀತ್ ಪ್ರಕಾಶ್ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಈ ಯೋಜನೆಯಿಂದ ನೂರಕ್ಕೆ 32ರಷ್ಟು ಏರಿತು; ಹುಡುಗ-ಹುಡುಗಿಯರ ನಡುವಿನ ಅಂತರ ನೂರಕ್ಕೆ 40ರಷ್ಟು ತಗ್ಗಿತು. ಶಾಲೆ 3 ಕಿ.ಮೀ. ಅಥವಾ ಅದಕ್ಕಿಂತ ದೂರವಿದ್ದ ಊರುಗಳಲ್ಲಿ ಪರಿಣಾಮ ಹೆಚ್ಚು ಕಂಡಿತು. ಆ ಮಕ್ಕಳು ತುಳಿದದ್ದು ಹಗುರ ಬಿಡಿಭಾಗಗಳ ವಿಶೇಷ ಸೈಕಲ್‌ಗಳನ್ನಲ್ಲ, ಸಾಮಾನ್ಯ ಸೈಕಲ್‌ಗಳನ್ನು. ಕರ್ನಾಟಕ ಸರ್ಕಾರವೂ 2006-07ರಲ್ಲಿ 8ನೇ ತರಗತಿಯ ಮಕ್ಕಳಿಗೆ ಸೈಕಲ್ ವಿತರಣೆ ಆರಂಭಿಸಿತು. ಸೈಕಲ್ ಪ್ರತಿದಿನ ಓಡುವ ಸ್ಥಿತಿಯಲ್ಲಿರುವುದೇ ಮುಖ್ಯ ಎಂಬುದು ಇವುಗಳಿಂದ ತಿಳಿಯಬೇಕಾದ ವಿಷಯ.

ಹಣ ಹಾಕುವ ಮುನ್ನ: ಐದು ಕೆಲಸಗಳು

1. ಟೈರಿನ ಗಾಳಿ. ಗಾಳಿ ಕಡಿಮೆಯಾದ ಟೈರು ನೆಲಕ್ಕೆ ಅಗಲವಾಗಿ ಒತ್ತಿಕೊಂಡು, ಪ್ರತಿ ಸುತ್ತಿನಲ್ಲೂ ಮಡಚಿ ಬಿಚ್ಚಿ, ತುಳಿದ ಶಕ್ತಿಯನ್ನು ತಿನ್ನುತ್ತದೆ. ಹೀಗೆ ಉರುಳುವಿಕೆಗೆ ಬರುವ ತಡೆ ಒಂದೂವರೆ ಪಟ್ಟು ಆಯಿತೆಂದರೆ, ಸಮತಟ್ಟು ರಸ್ತೆಯಲ್ಲಿ ಅದು ನಮ್ಮ 70 ಕಿಲೋ ಹೊರೆಯ ಮೇಲೆ ಇನ್ನೂ 35 ಕಿಲೋ ಹೇರಿದ್ದಕ್ಕೆ ಸಮ. ಮೇಲೆ ಹೇಳಿದ ದಿಣ್ಣೆಯಲ್ಲಿ ಸುಮಾರು 6 ಕಿಲೋ ಹೇರಿದ್ದಕ್ಕೆ ಸಮ. ಆರು ಕಿಲೋ ಇಳಿಸುವ ಬಿಡಿಭಾಗಗಳನ್ನು ಕೊಳ್ಳಲು ಸೈಕಲ್‌ನ ಬೆಲೆಗಿಂತ ಹೆಚ್ಚು ಹಣ ಬೇಕು. ಗಾಳಿ ಹೊಡೆಯಲು ಮನೆಯಲ್ಲಿ ಒಂದು ಪಂಪ್ ಇದ್ದರೆ ಸಾಕು. ಎಷ್ಟು ಗಾಳಿ ಬೇಕೆಂಬುದು ಟೈರಿನ ಬದಿಯಲ್ಲೇ ಅಚ್ಚಾಗಿರುತ್ತದೆ. ವಾರಕ್ಕೊಮ್ಮೆ ನೋಡಿಕೊಳ್ಳಬೇಕು.

2. ಪುಸ್ತಕದ ಚೀಲ. ಕೇಂದ್ರ ಶಿಕ್ಷಣ ಸಚಿವಾಲಯದ 2020ರ ಶಾಲಾ ಚೀಲ ನೀತಿಯ ಪ್ರಕಾರ ಚೀಲದ ತೂಕ ಮಗುವಿನ ತೂಕದ ನೂರಕ್ಕೆ 10ನ್ನು ಮೀರಬಾರದು. 45 ಕಿಲೋ ವಿದ್ಯಾರ್ಥಿಗೆ ಇದು ನಾಲ್ಕೂವರೆ ಕಿಲೋ. ವೇಳಾಪಟ್ಟಿ ನೋಡಿ ಆ ದಿನದ ಪುಸ್ತಕಗಳನ್ನಷ್ಟೇ ತುಂಬಿಕೊಂಡರೆ ಒಂದೆರಡು ಕಿಲೋ ತಾನಾಗಿ ಇಳಿಯುತ್ತದೆ. ಇಷ್ಟು ತೂಕವನ್ನು ಬಿಡಿಭಾಗಗಳಿಂದ ಇಳಿಸುವುದು ಬಹಳ ದುಬಾರಿ. ಚೀಲವನ್ನು ಹಿಂದಿನ ಕ್ಯಾರಿಯರ್‌ಗೆ ರಬ್ಬರ್ ಪಟ್ಟಿಯಿಂದ ಬಿಗಿದು ಕಟ್ಟಬೇಕು. ಹ್ಯಾಂಡಲ್‌ಗೆ ತೂಗುಹಾಕಿದ ಚೀಲ ತಿರುವಿನಲ್ಲಿ ಮುಂದಿನ ಚಕ್ರವನ್ನು ಎಳೆಯುತ್ತದೆ, ಕಡ್ಡಿಗಳೊಳಗೆ ಸಿಕ್ಕಿಕೊಳ್ಳುವ ಭಯವೂ ಇದೆ.

3. ಚೈನ್ ಮತ್ತು ಬೇರಿಂಗ್. ಶುಚಿಯಾಗಿ ಎಣ್ಣೆ ಕಂಡ ಚೈನ್ ಪೆಡಲಿಗೆ ಕೊಟ್ಟ ಶಕ್ತಿಯ ನೂರಕ್ಕೆ 95ಕ್ಕೂ ಹೆಚ್ಚನ್ನು ಚಕ್ರಕ್ಕೆ ಮುಟ್ಟಿಸುತ್ತದೆ. ತುಕ್ಕು, ಕೆಂಪು ಧೂಳು ಮೆತ್ತಿದ ಚೈನ್ ಹಾಗಲ್ಲ. ಬಟ್ಟೆಯಿಂದ ಒರೆಸಿ, ಕೊಂಡಿಗೊಂದು ಹನಿ ಎಣ್ಣೆ ಬಿಟ್ಟು, ಹೊರಗೆ ಉಳಿದದ್ದನ್ನು ಮತ್ತೆ ಒರೆಸಬೇಕು; ಎಣ್ಣೆ ಸುರಿದು ಬಿಟ್ಟರೆ ಧೂಳು ಇನ್ನಷ್ಟು ಅಂಟುತ್ತದೆ. ಸೈಕಲ್ ಎತ್ತಿ ಚಕ್ರ ತಿರುಗಿಸಿದಾಗ ಅದು ಸದ್ದಿಲ್ಲದೆ ಬಹಳ ಹೊತ್ತು ಸುತ್ತಬೇಕು. ಬೇಗನೆ ನಿಂತರೆ ಬ್ರೇಕ್ ಉಜ್ಜುತ್ತಿದೆ ಅಥವಾ ಬೇರಿಂಗ್ ಬಿಗಿಯಾಗಿದೆ ಎಂದರ್ಥ.

4. ಸೀಟಿನ ಎತ್ತರ. ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಕೆಳಗಿರುವ ಪೆಡಲಿನ ಮೇಲಿಟ್ಟಾಗ ಕಾಲು ನೆಟ್ಟಗಾಗಬೇಕು. ಸೀಟು ತೀರ ತಗ್ಗಾಗಿದ್ದರೆ ಮಂಡಿ ಮಡಚಿಕೊಂಡೇ ತುಳಿಯಬೇಕಾಗಿ ಬೇಗ ಆಯಾಸವಾಗುತ್ತದೆ. ಮಕ್ಕಳು ಬೆಳೆಯುತ್ತಿರುವುದರಿಂದ ವರ್ಷಕ್ಕೆರಡು ಬಾರಿಯಾದರೂ ಇದನ್ನು ನೋಡಬೇಕು. ಸೀಟಿನ ಕಂಬದ ಮೇಲಿರುವ ಮಿತಿಗೆರೆ ಹೊರಗೆ ಕಾಣುವಷ್ಟು ಎತ್ತರಿಸಬಾರದು.

5. ಹಿಂದಿನ ಫ್ರೀವೀಲ್. ಗೇರ್ ಇಲ್ಲದ ಸೈಕಲ್‌ಗೆ ಏರಿನಲ್ಲಿ ಎಲ್ಲಕ್ಕಿಂತ ಹೆಚ್ಚು ನೆರವಾಗುವ ಬದಲಾವಣೆ ಇದು. ಮುಂದೆ 44 ಹಲ್ಲಿನ ಚಕ್ರ, ಹಿಂದೆ 18 ಹಲ್ಲಿನ ಫ್ರೀವೀಲ್ ಇರುವ 28 ಇಂಚಿನ ಸೈಕಲ್, ಪೆಡಲ್ ಒಂದು ಸುತ್ತು ಬಂದಾಗ ಸುಮಾರು 5.4 ಮೀಟರ್ ಸಾಗುತ್ತದೆ. ಹಿಂದೆ 22 ಹಲ್ಲಿನ ಫ್ರೀವೀಲ್ ಹಾಕಿದರೆ 4.4 ಮೀಟರ್ ಸಾಗುತ್ತದೆ. ಪೆಡಲಿನ ಮೇಲೆ ಒತ್ತಬೇಕಾದ ಬಲ ನೂರಕ್ಕೆ 18ರಷ್ಟು ಇಳಿಯುತ್ತದೆ. 70 ಕಿಲೋ ಹೊರೆಯಲ್ಲಿ ಸುಮಾರು 13 ಕಿಲೋ ಇಳಿಸಿದಾಗ ಕಾಲಿಗೆ ಆಗುವ ಅನುಭವ ಇದೇ. ಸೈಕಲ್‌ನ ತೂಕ ಮಾತ್ರ ಇಳಿದಿರುವುದಿಲ್ಲ. ಇದಕ್ಕೆ ತೆರಬೇಕಾದ ಬೆಲೆ, ಅದೇ ದೂರಕ್ಕೆ ಹೆಚ್ಚು ಸುತ್ತು ತುಳಿಯಬೇಕು. ನಿಮಿಷಕ್ಕೆ 60 ಸುತ್ತು ತುಳಿದರೆ ಆಗಲೂ ಗಂಟೆಗೆ 15 ಕಿ.ಮೀ.ಗಿಂತ ಹೆಚ್ಚು ವೇಗ ಸಿಗುವುದರಿಂದ ಶಾಲೆಯ ದಾರಿಗೆ ಕೊರತೆಯಾಗದು. ಬದಲಾಯಿಸುವಾಗ ಚೈನಿಗೆ ಒಂದು ಜೋಡಿ ಕೊಂಡಿ ಸೇರಿಸಬೇಕಾಗಬಹುದು, ಚೈನ್ ಕವರ್‌ಗೆ ತಾಗದಂತೆಯೂ ನೋಡಿಕೊಳ್ಳಬೇಕು. ಹೀಗಾಗಿ ಸೈಕಲ್ಲನ್ನೇ ಅಂಗಡಿಗೆ ಒಯ್ಯುವುದು ಲೇಸು.

ಯಾವ ಹಗುರ ಭಾಗ ಕೊಳ್ಳಬಹುದು?

ಒಂದು ಭಾಗ ಹಗುರವಾಗಿರುವುದರ ಜೊತೆಗೆ ಬೇರೊಂದು ಕೆಲಸವನ್ನೂ ಉತ್ತಮಪಡಿಸುವಂತಿದ್ದರೆ ಮಾತ್ರ ಅದಕ್ಕೆ ಹಣ ಕೊಡುವುದು ಸಮಂಜಸ. ಇದಕ್ಕೆ ಒಳ್ಳೆಯ ನಿದರ್ಶನ ಅಲ್ಯೂಮಿನಿಯಂ ರಿಮ್. ಹೊಳೆಯುವ ಲೇಪನದ ಉಕ್ಕಿನ ರಿಮ್ ಮಳೆಯಲ್ಲಿ ನೆನೆದಾಗ ಬ್ರೇಕ್ ರಬ್ಬರ್ ಜಾರುತ್ತದೆ. ಅಲ್ಯೂಮಿನಿಯಂ ರಿಮ್ ಒದ್ದೆಯಾದಾಗಲೂ ಇದಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. ತೂಕವೂ ಕಡಿಮೆ, ತುಕ್ಕೂ ಇಲ್ಲ. ಆದರೆ ಇದು ರಿಮ್‌ನ ಎರಡು ಪಕ್ಕಗಳನ್ನು ಹಿಡಿಯುವ ತಂತಿ ಬ್ರೇಕ್‌ಗಳಿಗೆ ಹೊಂದುವಂಥದು. ಸರಳುಗಳ ಮೂಲಕ ರಿಮ್‌ನ ಒಳಮೈಗೆ ಒತ್ತುವ ಹಳೆಯ ಬಗೆಯ ಬ್ರೇಕ್ ಇರುವ ಸೈಕಲ್‌ಗೆ ಅದಕ್ಕೆಂದೇ ರೂಪಿಸಿದ ರಿಮ್ ಬೇಕು. ಕೊಳ್ಳುವ ಮುನ್ನ ಇದನ್ನು ಖಚಿತಪಡಿಸಿಕೊಳ್ಳಬೇಕು.

ಚಕ್ರದ ಮೇಲಿನ ಒಂದು ಗ್ರಾಂ ಫ್ರೇಮ್ ಮೇಲಿನ ಎರಡು ಗ್ರಾಂಗೆ ಸಮ ಎಂಬ ಮಾತು ಪ್ರಚಾರದಲ್ಲಿದೆ. ನಿಂತ ಸೈಕಲ್ಲು ವೇಗ ಪಡೆಯುವ ಆ ಕ್ಷಣಗಳ ಮಟ್ಟಿಗೆ, ರಿಮ್ ಮತ್ತು ಟೈರಿನ ವಿಷಯದಲ್ಲಿ, ಅದು ಸರಿಸುಮಾರು ನಿಜ. ಒಂದೇ ವೇಗದಲ್ಲಿ ಏರು ಹತ್ತುವಾಗ ಚಕ್ರದ ಗ್ರಾಮೂ ಫ್ರೇಮ್‌ನ ಗ್ರಾಮೂ ಒಂದೇ.

ಹೊಸ ಸೈಕಲ್ಲನ್ನೇ ಕೊಳ್ಳುವವರು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಮಕ್ಕಳನ್ನು ಸೆಳೆಯುವ ದಪ್ಪ ಟೈರಿನ, ಹಿಂದೆ ಮುಂದೆ ಸ್ಪ್ರಿಂಗ್ ಇರುವ ಸೈಕಲ್‌ಗಳು ನೋಡಲು ಕ್ರೀಡೆಯ ಸೈಕಲ್‌ನಂತಿದ್ದರೂ ಆ ಸ್ಪ್ರಿಂಗ್‌ಗಳಿಂದ ತೂಕ ಏರುತ್ತದೆ, ಏರಿನಲ್ಲಿ ಜೋರಾಗಿ ತುಳಿದಾಗ ಬಲದ ಒಂದು ಪಾಲು ಸ್ಪ್ರಿಂಗ್ ಕುಗ್ಗುವುದರಲ್ಲೇ ಕಳೆದುಹೋಗುತ್ತದೆ. ಅದೇ ಬೆಲೆಗೆ ಸ್ಪ್ರಿಂಗ್ ಇಲ್ಲದ, ಸರಳವಾದ ಗಟ್ಟಿ ಫ್ರೇಮ್‌ನ ಸೈಕಲ್ ಆರಿಸಿಕೊಂಡರೆ ಲಾಭ. ತೂಕ ತಿಳಿಯಬೇಕೆನ್ನುವವರು ತರಕಾರಿ ಮೂಟೆ ತೂಗುವ ತಕ್ಕಡಿಯಲ್ಲಿ ತೂಗಿ ನೋಡಬಹುದು. ಬಿಡಿಭಾಗವಾದರೆ ಹಳೆಯದನ್ನೂ ಹೊಸದನ್ನೂ ತೂಗಿ, ಬೆಲೆಯನ್ನು ಇಳಿದ ಗ್ರಾಂಗಳಿಂದ ಭಾಗಿಸಬೇಕು. ಗ್ರಾಂ ಒಂದಕ್ಕೆ ಎಷ್ಟು ರೂಪಾಯಿ ಬಿತ್ತೆಂದು ಕಂಡ ಮೇಲೆ ನಿರ್ಧಾರ ಕಷ್ಟವಾಗದು.

ಎಲ್ಲಿ ಇಳಿಸಬಾರದು?

ಮುರಿದರೆ ಸವಾರನನ್ನೇ ಕೆಡವುವ ಭಾಗಗಳಲ್ಲಿ ತೂಕದ ಉಳಿತಾಯ ಬೇಡ. ಮುಂದಿನ ಫೋರ್ಕ್, ಹ್ಯಾಂಡಲ್ ಮತ್ತು ಅದನ್ನು ಹಿಡಿದಿರುವ ಕಂಬ, ಸೀಟಿನ ಕಂಬ, ಪೆಡಲ್ ಹಾಗೂ ಅದರ ತೋಳು, ಚಕ್ರದ ಅಚ್ಚು, ಬ್ರೇಕ್ ಇವು ಆ ಪಟ್ಟಿಗೆ ಸೇರುತ್ತವೆ. ಉಕ್ಕು ಮಿತಿಮೀರಿದ ಹೊರೆಗೆ ಸಾಮಾನ್ಯವಾಗಿ ಮೊದಲು ಬಾಗುತ್ತದೆ, ಬಾಗಿದ್ದು ಕಣ್ಣಿಗೆ ಕಾಣುತ್ತದೆ. ಅಲ್ಯೂಮಿನಿಯಂ ಸಣ್ಣ ಸಣ್ಣ ಹೊರೆಗಳನ್ನು ಲಕ್ಷಾಂತರ ಬಾರಿ ಹೊತ್ತು ದಣಿದು, ಕೂದಲೆಳೆಯಂತಹ ಬಿರುಕು ಬಿಟ್ಟು, ಒಂದು ದಿನ ಏಕಾಏಕಿ ತುಂಡಾಗಬಹುದು. ಒಳ್ಳೆಯ ತಯಾರಕರು ಇದನ್ನರಿತು ಅದನ್ನು ದಪ್ಪವಾಗಿ ಮಾಡುತ್ತಾರೆ. ಅಗ್ಗದ ನಕಲು ಮಾಲಿನಲ್ಲಿ ಆ ಭರವಸೆಯಿಲ್ಲ. ಉಕ್ಕಿನ ಫ್ರೇಮ್ ಬಿರಿದರೆ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಬೆಸೆಯಬಹುದು. ಅಲ್ಯೂಮಿನಿಯಂ ಬೆಸೆಯಲು ಬೇರೆ ಯಂತ್ರ, ಬೇರೆ ನೈಪುಣ್ಯ ಬೇಕು.

ತೂಕ ಇಳಿಸುವ ಹುರುಪಿನಲ್ಲಿ ಕೆಲವು ಮಕ್ಕಳು ಮಡ್‌ಗಾರ್ಡ್, ಚೈನ್ ಕವರ್, ಬೆಲ್, ಸ್ಟ್ಯಾಂಡ್‌ಗಳನ್ನು ಬಿಚ್ಚಿಹಾಕುವುದುಂಟು. ಚೈನ್ ಕವರ್ ಮತ್ತು ಹಿಂದಿನ ಚಕ್ರದ ಬಟ್ಟೆಗಾವಲು ಹೆಣ್ಣುಮಕ್ಕಳ ದುಪಟ್ಟಾ, ಲಂಗ ಸಿಕ್ಕಿಕೊಳ್ಳದಂತೆ ಕಾಯುತ್ತವೆ. ಇವನ್ನು ತೆಗೆಯಬಾರದು. ಕತ್ತಲಲ್ಲಿ ವಾಹನದ ಬೆಳಕಿಗೆ ಹೊಳೆಯುವ ಹಿಂದಿನ ಕೆಂಪು ಬಿಲ್ಲೆ ಕೆಲವೇ ಗ್ರಾಂ ತೂಗುತ್ತದೆ. ಅದು ಇಲ್ಲದಿದ್ದರೆ ಇಂದೇ ಹಾಕಿಸಬೇಕು.

ಇಳಿಜಾರು ಮತ್ತು ಕಾಡು

ಏರಿನಷ್ಟೇ ಇಳಿಜಾರೂ ನಮ್ಮ ದಾರಿಗಳ ಭಾಗ. ಇಳಿಯುವಾಗ ಬ್ರೇಕ್ ತಡೆಯಬೇಕಾದ ಶಕ್ತಿ ವೇಗದ ವರ್ಗದಂತೆ ಏರುತ್ತದೆ: ವೇಗ ಇಮ್ಮಡಿಯಾದರೆ ನಿಲ್ಲಿಸಲು ಬೇಕಾದ ದೂರ ಸುಮಾರು ನಾಲ್ಕು ಪಟ್ಟು. ಎರಡು ಕಿಲೋ ಹಗುರವಾದ ಸೈಕಲ್ ಈ ಶಕ್ತಿಯನ್ನು ನೂರಕ್ಕೆ ಮೂರರಷ್ಟೂ ತಗ್ಗಿಸದು. ವೇಗವನ್ನು 20ರಿಂದ 15 ಕಿ.ಮೀ.ಗೆ ಇಳಿಸಿದರೆ ಅದು ಅರ್ಧಕ್ಕೆ ಹತ್ತಿರ ಬರುತ್ತದೆ. ಸವೆದ ಬ್ರೇಕ್ ರಬ್ಬರ್ ಬದಲಾಯಿಸುವುದು ಯಾವ ಹಗುರ ಭಾಗಕ್ಕಿಂತಲೂ ಮೊದಲ ಖರ್ಚಾಗಬೇಕು. 27 ಹಿಮ್ಮುರಿ ತಿರುವುಗಳಿರುವ, ಲಾರಿಗಳು ಸಾಗುವ ದಿಂಬಂ ಘಾಟಿಯಂತಹ ರಸ್ತೆ ಶಾಲಾಮಕ್ಕಳ ಸೈಕಲ್‌ಗೆ ತಕ್ಕದ್ದಲ್ಲ.

ನಮ್ಮ ಸೀಮೆ 2013ರಲ್ಲಿ ಘೋಷಣೆಯಾದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶಕ್ಕೆ ಹೊಂದಿಕೊಂಡಿದೆ. ಹೊಲಗಳಿಗೆ ಆನೆ ಬರುವುದನ್ನು ಇಲ್ಲಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಗುರ ಸೈಕಲ್ ಇದ್ದರೆ ಬೇಗ ಪಾರಾಗಬಹುದು ಎಂಬ ಎಣಿಕೆ ಮಕ್ಕಳಲ್ಲಿದ್ದರೆ ಹಿರಿಯರು ಅದನ್ನು ತಿದ್ದಬೇಕು. ಏಷ್ಯಾದ ಆನೆ ಗಂಟೆಗೆ ಸುಮಾರು 25 ಕಿ.ಮೀ. ವೇಗದಲ್ಲಿ ಓಡಬಲ್ಲದೆಂದು ಅಳತೆಯಿಂದ ಗೊತ್ತಾಗಿದೆ. ನಮ್ಮ ಲೆಕ್ಕದ ವಿದ್ಯಾರ್ಥಿ ಏರಿನಲ್ಲಿ ಸಾಗುವುದು 8 ಕಿ.ಮೀ. ವೇಗದಲ್ಲಿ, ಒಂದು ಕಿಲೋ ಇಳಿಸಿದರೆ ಅದು 8.1 ಆದೀತು. ಕಾಡಂಚಿನ ದಾರಿಯಲ್ಲಿ ಬೆಳಕು ಹರಿಯುವ ಮುನ್ನ ಮತ್ತು ಕತ್ತಲಾದ ಮೇಲೆ ಹೋಗದಿರುವುದು, ಒಂಟಿಯಾಗಿ ಹೋಗದಿರುವುದು, ಆನೆ ಕಂಡರೆ ದೂರದಲ್ಲೇ ನಿಂತು ಹಿಂದಿರುಗುವುದು, ಇವೇ ರಕ್ಷಣೆ. ದಾರಿಯ ನಡುವೆ ಚೈನ್ ಕಳಚಿ, ಟ್ಯೂಬ್ ಪಂಕ್ಚರಾಗಿ ಹೊತ್ತು ಮುಳುಗುವಂತಾಗಬಾರದು. ಈ ಕಾರಣಕ್ಕೂ ಗಟ್ಟಿಯಾದ ಟೈರು ಹಗುರವಾದ ತೆಳು ಟೈರಿಗಿಂತ ಮೇಲು.

ಮಕ್ಕಳೇ ಮಾಡಿ ನೋಡಬಹುದಾದ ಪರೀಕ್ಷೆ

ಈ ಲೆಕ್ಕಗಳನ್ನು ನಂಬಿಕೆಯ ಮೇಲೆ ಒಪ್ಪಬೇಕಾಗಿಲ್ಲ. ವಾಹನ ಸಂಚಾರವಿಲ್ಲದ, ಸ್ವಲ್ಪ ಇಳಿಜಾರಾಗಿ ಮುಂದೆ ಸಮತಟ್ಟಾಗುವ ಒಂದು ದಾರಿಯನ್ನು ಆರಿಸಿಕೊಳ್ಳಬೇಕು. ಒಂದು ಗುರುತಿನಿಂದ ಪೆಡಲ್ ತುಳಿಯದೆ ಸೈಕಲ್ ಬಿಟ್ಟು, ಅದು ತಾನಾಗಿ ನಿಲ್ಲುವ ಜಾಗದಲ್ಲಿ ಕಲ್ಲಿಡಬೇಕು. ಟೈರಿಗೆ ಸರಿಯಾಗಿ ಗಾಳಿ ಹೊಡೆದು, ಬ್ರೇಕ್ ಉಜ್ಜದಂತೆ ಸರಿಪಡಿಸಿ, ಅದೇ ಸವಾರ ಅದೇ ಗುರುತಿನಿಂದ ಮತ್ತೆ ಬಿಡಬೇಕು. ಮೂರನೆಯ ಬಾರಿ ಚೀಲವಿಲ್ಲದೆ ಬಿಡಬೇಕು. ಮೂರು ಕಲ್ಲುಗಳ ನಡುವಿನ ಅಂತರವನ್ನು ಹೆಜ್ಜೆಯಿಂದ ಅಳೆದು ಬರೆದಿಟ್ಟುಕೊಂಡರೆ, ಯಾವುದರಿಂದ ಎಷ್ಟು ವ್ಯತ್ಯಾಸವಾಯಿತೆಂದು ತಿಳಿಯುತ್ತದೆ. ಘರ್ಷಣೆ ಮತ್ತು ಬಲದ ಪಾಠ ಮಾಡುವ ವಿಜ್ಞಾನ ಶಿಕ್ಷಕರು ಇದನ್ನು ತರಗತಿಯ ಚಟುವಟಿಕೆಯಾಗಿಯೂ ಬಳಸಬಹುದು.

ಪೋಷಕರಿಗೆ ಖರ್ಚಿನ ಕ್ರಮ

ಕೈಯಲ್ಲಿ ಸ್ವಲ್ಪವೇ ಹಣವಿರುವಾಗ ಈ ಕ್ರಮ ಅನುಸರಿಸಬಹುದು: ಮೊದಲು ಬ್ರೇಕ್ ರಬ್ಬರ್ ಮತ್ತು ಬ್ರೇಕ್ ತಂತಿ, ಆಮೇಲೆ ಗಾಳಿ ಪಂಪ್ ಮತ್ತು ಪಂಕ್ಚರ್ ಸಾಮಾನು, ಅನಂತರ ಚೈನ್ ಎಣ್ಣೆ, ಬೇರಿಂಗ್ ಶುಚಿ, ದಾರಿಯಲ್ಲಿ ಏರು ಹೆಚ್ಚಿದ್ದರೆ ದೊಡ್ಡ ಫ್ರೀವೀಲ್, ಟೈರು ಸವೆದಾಗ ಒಳ್ಳೆಯ ಟೈರು, ರಿಮ್ ಬದಲಾಯಿಸುವ ಸಂದರ್ಭ ತಾನಾಗಿ ಬಂದರೆ ಮತ್ತು ಬ್ರೇಕ್‌ಗೆ ಹೊಂದಿದರೆ ಅಲ್ಯೂಮಿನಿಯಂ ರಿಮ್. ಬರೀ ಹಗುರ ಎಂಬ ಕಾರಣಕ್ಕೆ ಮಾರಾಟವಾಗುವ ವಸ್ತು ಈ ಪಟ್ಟಿಯಲ್ಲಿ ಬರುವುದಿಲ್ಲ.

ಉಚಿತವಾಗಿ ದೊರೆತ ಸೈಕಲ್ ಮನೆಗೆ ಬಂದ ದಿನವೇ ಎಲ್ಲ ನಟ್ಟುಗಳನ್ನು ಬಿಗಿಗೊಳಿಸಿ, ಎರಡೂ ಬ್ರೇಕ್ ಪರೀಕ್ಷಿಸಿ, ಸೀಟನ್ನು ಮಗುವಿನ ಅಳತೆಗೆ ಹೊಂದಿಸಬೇಕು. ಭಾರವೆಂದು ಮೂಲೆಗೆ ಸೇರಿದ ಎಷ್ಟೋ ಸೈಕಲ್‌ಗಳ ದೋಷ ಗಾಳಿ, ಎಣ್ಣೆ, ಸೀಟು, ಫ್ರೀವೀಲ್ ಈ ನಾಲ್ಕರಲ್ಲೇ ಇರುತ್ತದೆ. ಇವನ್ನು ಸರಿಪಡಿಸಿಕೊಟ್ಟರೆ, ದಿಣ್ಣೆಯಲ್ಲಿ ಇಳಿದು ತಳ್ಳಿಕೊಂಡು ಹೋಗಿ ಮೊದಲ ಪಾಠ ತಪ್ಪಿಸಿಕೊಳ್ಳುತ್ತಿರುವ ಮಗು ಹೊತ್ತಿಗೆ ಸರಿಯಾಗಿ ತರಗತಿಯಲ್ಲಿ ಕೂರಬಹುದು.